ಎಣ್ಣೆ, ನೀರಿನಂಥ ‘ಬೆರೆಯದ’ ದ್ರವಗಳಿಗೆ ಏನನ್ನೋಣ?

ನಮಸ್ಕಾರ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಮೊದಲು ‘ಅಮಿಶ್ರಣೀಯ ದ್ರವ’ ಅಂತ ಬರೆದಿದ್ದೆ. ಮಕ್ಕಳು ಓದಲಿಕ್ಕೇ ತಡವರಿಸಿದರು. ಈಗಿನ ಸಾಲು: ‘ಗುರುತ್ವ ಇಲ್ಲದ ಕಡೆ ಬೆರೆಯದ ದ್ರವಗಳೂ ಬೆರೆಯುತ್ತವೆ.’ ಸರಿ ಇದೆಯಾ?

ಉತ್ತರ:

‘ಬೆರೆಯದ’ ಸರಿ, ಅದನ್ನೇ ಇಡಿ. ಸಾಲು ತಪ್ಪು. ಎಣ್ಣೆ, ನೀರು ಎಲ್ಲಿಯೂ ಬೆರೆಯುವುದಿಲ್ಲ. ಬಾಟಲಿಯಲ್ಲಿ ಹಾಕಿ ಕುಲುಕಿ ಇಟ್ಟರೆ ಇಲ್ಲಿ ಎಣ್ಣೆಯ ಹನಿಗಳು ಒಂದೊಂದಾಗಿ ಮೇಲೇರುತ್ತವೆ, ಸಾರಿನ ಮೇಲಿನ ಒಗ್ಗರಣೆ ಎಣ್ಣೆಯ ಹಾಗೆ ಪದರ ಕಟ್ಟುತ್ತವೆ. ಎಣ್ಣೆ ಹಗುರ, ನೀರು ಭಾರ, ಅದಕ್ಕೆ. ತೂಕವೇ ಇಲ್ಲದ ಕಡೆ ಯಾವುದು ಹಗುರ, ಯಾವುದು ಭಾರ? ಮೇಲೆ ಯಾವುದು, ಕೆಳಗೆ ಯಾವುದು? ಹನಿ ಇದ್ದಲ್ಲೇ ಇರುತ್ತದೆ. 1973-74ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿನಲ್ಲಿ ಕುಲುಕಿಟ್ಟ ಎಣ್ಣೆ, ನೀರು ಗಂಟೆಗಟ್ಟಲೆ ಕದಡಿಕೊಂಡೇ ಇದ್ದವು. ಕದಡಿದ್ದು ಬೆರೆತ ಹಾಗಲ್ಲ. ಹಾಲು ನೀರಿಗೆ ಬೆರೆಯುತ್ತದೆ. ಎಣ್ಣೆ ಕದಡುತ್ತದೆ, ಅಷ್ಟೇ.

‘ಗುರುತ್ವ ಇಲ್ಲದ’ ಕೂಡ ಬೇಡ. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣದಲ್ಲೂ ಗುರುತ್ವ ಇಲ್ಲಿನ ಸುಮಾರು 90%ರಷ್ಟು ಇರುತ್ತದೆ. ನಿಲ್ದಾಣವೂ ಅದರೊಳಗಿನದೆಲ್ಲವೂ ಒಟ್ಟಿಗೇ ಬೀಳುತ್ತಿರುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೇ. ‘ತೂಕವಿಲ್ಲದ’ ಅನ್ನಿ.

ಪ್ರೂಫ್ ನೋಡುವಾಗ ಹುಷಾರು. ‘ಬೆರೆ’ಗೆ ದೀರ್ಘ ಬಿದ್ದರೆ ‘ಬೇರೆ’, ಅರ್ಥ ಪೂರಾ ಉಲ್ಟಾ. ಹಳಗನ್ನಡದಲ್ಲಿ ‘ಬೇಱೆ’ಗೆ ಶಕಟರೇಫ (‘ಱ’ ಅನ್ನುವ ಹಳೆಯ ಅಕ್ಷರ) ಇತ್ತು, ‘ಬೆರೆ’ಗೆ ಇರಲಿಲ್ಲ. ತಮಿಳಿನ ‘ವೇಱು’, ‘ವಿರವು’ಗಳಲ್ಲಿ ಆ ವ್ಯತ್ಯಾಸ ಇವತ್ತಿಗೂ ಇದೆ. ನಾವು ಆ ಅಕ್ಷರ ಬಿಟ್ಟಿದ್ದು ನನಗೆ ಈಗಲೂ ಬೇಸರವೇ.

ಇನ್ನೊಬ್ಬರು:

ಅರ್ಧ ಕೆಲಸ ಮಾಡಿ ನಿಲ್ಲಿಸಿದಿರಿ. ‘ಅಮಿಶ್ರಣೀಯ’ ಸಂಸ್ಕೃತ ಅಂತ ತೆಗೆದವರು ‘ದ್ರವ’ ಯಾಕೆ ಉಳಿಸಿದಿರಿ? ‘ಹರಿಕ’ ಅನ್ನಿ.

ಉತ್ತರ:

ಸಂಸ್ಕೃತ ಅಂತ ತೆಗೆದಿದ್ದಲ್ಲ, ಮಕ್ಕಳ ನಾಲಿಗೆಗೆ ಬರಲಿಲ್ಲ ಅಂತ. ‘ದ್ರವ’ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ‘ಹರಿಕ’ ಅಂದರೆ ಮೇಷ್ಟ್ರೇ ಅರ್ಥ ಕೇಳುತ್ತಾರೆ.

ಇನ್ನೊಬ್ಬರು:

ಬಳಸದೆ ಯಾವ ಪದ ತಾನೇ ಗೊತ್ತಾಗುತ್ತದೆ? ‘ದ್ರು’ ಧಾತುವಿಗೂ ಓಡು, ಹರಿ ಅಂತಲೇ ಅರ್ಥ. ಅದೇ ಅರ್ಥಕ್ಕೆ ನಮ್ಮ ಪದ ಯಾಕೆ ಆಗಬಾರದು?

ಉತ್ತರ:

ಆಗಬಹುದು. ಆದರೆ ಈ ಜಗಳ ನಾಳೆ ಬೆಳಿಗ್ಗೆಯೊಳಗೆ ಮುಗಿಯುವುದಲ್ಲ. ಫಲಕಕ್ಕೆ ಎರಡೂ ಬೇಡ, ನೇರ ಹೆಸರೇ ಹೇಳಿ. ನೀರು ನಮ್ಮದು. ಎಳ್ಳಿನ ‘ನೆಯ್’, ಅಂದರೆ ಜಿಡ್ಡು, ಅದೇ ಎಣ್ಣೆ, ಅದೂ ನಮ್ಮದು. ಹೀಗೆ ಬರೆದು ಕಳಿಸಿ: ‘ತೂಕವಿಲ್ಲದ ಕಡೆ ಕುಲುಕಿದ ಎಣ್ಣೆ, ನೀರು ಬೆರೆಯುವುದಿಲ್ಲ, ಬೇಗ ಬೇರೆಯಾಗುವುದೂ ಇಲ್ಲ.’