ಗಿಡಮೂಲಿಕೆ ಉತ್ಪನ್ನ ಮಾಡುವವರು ಯಾವ ಸಂಘಕ್ಕೆ ಸೇರಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ (ಸಿದ್ದಾಪುರ, ಉತ್ತರ ಕನ್ನಡ):

ನಮ್ಮದು ಮಹಿಳೆಯರೇ ನಡೆಸುವ ಸಣ್ಣ ಘಟಕ. ಮುರುಗಲ (ಕೋಕಂ) ಸಿಪ್ಪೆ, ಅಡುಗೆಯ ಹುಳಿಗೆ ಬಳಸುವ ಒಣ ಉಪ್ಪಾಗೆ, ಸೀಗೆಕಾಯಿ ಪುಡಿ, ಗರುಗದ ಸೊಪ್ಪಿನ ಕೂದಲೆಣ್ಣೆ ಮಾಡುತ್ತೇವೆ. ಇಷ್ಟು ದಿನ ಶಿರಸಿ, ಹುಬ್ಬಳ್ಳಿ ಅಂಗಡಿಗಳಿಗೆ ಕೊಡುತ್ತಿದ್ದೆವು. ಈಗ ಅಮೆರಿಕದಿಂದ ಒಬ್ಬರು ಸ್ಯಾಂಪಲ್ ಕೇಳಿದ್ದಾರೆ. ಇತ್ತ ಎರಡು-ಮೂರು ಸಂಘಗಳಿಂದ ಮೆಂಬರ್ ಆಗಿ ಎಂದು ಫೋನ್ ಬರುತ್ತಿದೆ. ಅವರು ಹೇಳುವ ಫೀಸು ನಮ್ಮಂಥವರಿಗೆ ಸಣ್ಣದಲ್ಲ. ಸೇರಿದರೆ ನಿಜವಾಗಿ ಏನು ಸಿಗುತ್ತದೆ? ಯಾವುದಕ್ಕೆ ಸೇರಬೇಕು?

ಉತ್ತರ (ಬೆಂಗಳೂರು, ಆಯುರ್ವೇದ ಔಷಧಿ ತಯಾರಿಕೆ):

ಅಕ್ಕ, ಸಂಘದ ಮಾತು ಆಮೇಲೆ. ನೀವು ಮಾಡುವ ನಾಲ್ಕು ವಸ್ತುಗಳು ಕಾನೂನಿನ ಪ್ರಕಾರ ಒಂದೇ ಗುಂಪಿಗೆ ಸೇರುವುದಿಲ್ಲ. ಮುರುಗಲ, ಉಪ್ಪಾಗೆಯನ್ನು ಅಡುಗೆಗೆ ಮಾರಿದರೆ ಅದು ಆಹಾರ. ಅದಕ್ಕೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಲೈಸೆನ್ಸ್ ಸಾಕು. ಕೂದಲೆಣ್ಣೆಯನ್ನು ಆಯುರ್ವೇದ ಔಷಧಿ ಎಂದು ಮಾರುವುದಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಆಯುಷ್ ಲೈಸೆನ್ಸ್ ಬೇಕು. ಘಟಕವೂ ಶೆಡ್ಯೂಲ್ ಟಿ (ಶುಚಿತ್ವ, ತಯಾರಿಕೆಯ ಕ್ರಮದ ನಿಯಮಗಳು) ಹೇಳುವ ಹಾಗೆ ಇರಬೇಕು. ಅದೇ ಎಣ್ಣೆಯನ್ನು ಸೌಂದರ್ಯವರ್ಧಕ ಎಂದು ಮಾರಿದರೆ ಲೈಸೆನ್ಸೇ ಬೇರೆ. ಹೀಗಾಗಿ ‘ಹರ್ಬಲ್ ಉದ್ಯಮದವರ ಸಂಘ’ ಎಂದು ಯಾರಾದರೂ ಕರೆದರೆ, ನಿಮ್ಮ ಯಾವ ವಸ್ತುವಿಗೆ ಅವರು ಉಪಯೋಗ ಎಂದು ಮೊದಲು ಕೇಳಿ.

ಸಂಘಗಳಲ್ಲಿ ಎರಡು ಬಗೆ ಇವೆ. ತಯಾರಕರೇ ಕೂಡಿ ಕಟ್ಟಿದವು ಒಂದು ಬಗೆ. ಮುಂಬೈಯಲ್ಲಿ ಆಯುರ್ವೇದಿಕ್ ಡ್ರಗ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್ ಇದೆ, ನಾವೆಲ್ಲ ಅದನ್ನು ಅಡ್ಮಾ ಎನ್ನುತ್ತೇವೆ. ಕೇರಳದ ತಯಾರಕರದ್ದು ಬೇರೆ ಇದೆ. ನ್ಯೂಟ್ರಾಸುಟಿಕಲ್ (ಆರೋಗ್ಯಕ್ಕೆಂದು ತೆಗೆದುಕೊಳ್ಳುವ ಪೂರಕ ಆಹಾರ) ಮಾಡುವವರದ್ದು ಮತ್ತೊಂದು. ಇನ್ನೊಂದು ಬಗೆ, ರಫ್ತಿಗಾಗಿ ಕೇಂದ್ರ ಸರ್ಕಾರದ ಬೆಂಬಲದಿಂದ ನಡೆಯುವ ಮಂಡಳಿಗಳು. ಅದರ ಬಗ್ಗೆ ರಫ್ತು ಮಾಡುವವರೇ ಹೇಳಲಿ.

ತಯಾರಕರ ಸಂಘದಿಂದ ನನಗೆ ಆದ ದೊಡ್ಡ ಉಪಕಾರ ಎಂದರೆ ಕಾನೂನು ಬದಲಾದಾಗ ಅದು ನಮ್ಮ ಘಟಕಕ್ಕೆ ಹೇಗೆ ತಾಗುತ್ತದೆ ಎಂದು ಬಿಡಿಸಿ ಹೇಳುವವರು ಸಿಕ್ಕಿದ್ದು. ಒಂದು ಉದಾಹರಣೆ ಕೊಡುತ್ತೇನೆ, ಇದು ನಿಮಗೂ ಬೇಕಾದದ್ದು. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸಸ್ಯಗಳನ್ನು ಬಳಸಿದ್ದಕ್ಕೆ ದೇಶದೊಳಗಿನ ಕಂಪನಿಗಳೂ ಸ್ಥಳೀಯ ಜನರಿಗಾಗಿ ಲಾಭದಲ್ಲಿ ಪಾಲು ಕೊಡಬೇಕು ಎಂದು 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹೇಳಿತು. 2023ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂದು, ಬೆಳೆಸಿದ ಔಷಧಿ ಸಸ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂದರೆ ಕಾಡಿನಿಂದ ತಂದದ್ದು ಬೇರೆ, ತೋಟದಲ್ಲಿ ಬೆಳೆದದ್ದು ಬೇರೆ. ನಿಮ್ಮ ಉಪ್ಪಾಗೆ ಬೆಟ್ಟದ್ದೋ ತೋಟದ್ದೋ ಎನ್ನುವುದಕ್ಕೆ ಈಗಿನಿಂದಲೇ ಪುಸ್ತಕ ಇಡಿ. ಸೀಗೆಕಾಯಿಗೂ ಅಷ್ಟೇ.

ಉತ್ತರ (ಮಂಗಳೂರು, ಸಾಂಬಾರ ಪದಾರ್ಥ ರಫ್ತು):

ಮೇಡಂ, ನಿಮಗೆ ಬಹಳ ಜನ ಹೇಳದ ಒಂದು ವಿಷಯ ಹೇಳುತ್ತೇನೆ. ಮುರುಗಲ, ಉಪ್ಪಾಗೆ ಎರಡೂ ಕೇಂದ್ರ ಸರ್ಕಾರದ ಸ್ಪೈಸಸ್ ಬೋರ್ಡಿನ 52 ಸಾಂಬಾರ ಪದಾರ್ಥಗಳ ಪಟ್ಟಿಯಲ್ಲಿ ಇವೆ. ಬಜೆ, ಹಿಪ್ಪಲಿ ಕೂಡ ಅದರಲ್ಲೇ ಇವೆ. ಈ ಪಟ್ಟಿಯ ವಸ್ತು ಹೊರದೇಶಕ್ಕೆ ಕಳಿಸಬೇಕಾದರೆ ಬೋರ್ಡಿನಲ್ಲಿ ರಫ್ತುದಾರರಾಗಿ ನೋಂದಣಿ ಕಡ್ಡಾಯ. ಅದನ್ನು ನಾವು ಕ್ರೆಸ್ ಎನ್ನುತ್ತೇವೆ. ಬೋರ್ಡಿನ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ಅರ್ಜಿ ಆನ್‌ಲೈನ್. ಅದಕ್ಕೂ ಮೊದಲು ಐಇಸಿ (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ) ನಂಬರ್ ಮಾಡಿಸಿಕೊಳ್ಳಿ.

ಇನ್ನು ರಫ್ತು ಮಂಡಳಿಗಳ ವಿಚಾರ. ಅಲ್ಲಿ ಸದಸ್ಯರಾದರೆ ಆರ್‌ಸಿಎಂಸಿ ಎಂಬ ನೋಂದಣಿ-ಸದಸ್ಯತ್ವದ ಪತ್ರ ಸಿಗುತ್ತದೆ. ವಿದೇಶ ವ್ಯಾಪಾರ ನೀತಿಯ ಸವಲತ್ತು ಪಡೆಯಲು ಅದು ಬೇಕು. ಬೇರೆ ಬೇರೆ ವಸ್ತುವಿಗೆ ಬೇರೆ ಬೇರೆ ಮಂಡಳಿ. ಆಯುರ್ವೇದ ಔಷಧಿಗಳನ್ನು ಮೊದಲು ಹೈದರಾಬಾದಿನ ಫಾರ್ಮೆಕ್ಸಿಲ್ ನೋಡಿಕೊಳ್ಳುತ್ತಿತ್ತು. 2022ರಲ್ಲಿ ಆಯುಷ್ ವಲಯಕ್ಕೆಂದೇ ಆಯುಷ್‌ಎಕ್ಸಿಲ್ ಶುರುವಾಯಿತು. ಅರಗು, ಸಸ್ಯಗಳ ಸಾರ, ಕಾಡಿನ ಕಿರು ಉತ್ಪನ್ನಗಳಿಗೆ ಕೊಲ್ಕತ್ತಾದ ಶೆಫೆಕ್ಸಿಲ್ ಇದೆ. ನಿಮ್ಮ ವಸ್ತುವಿನ ಎಚ್‌ಎಸ್ ಕೋಡ್ (ವ್ಯಾಪಾರದ ವಸ್ತುಗಳನ್ನು ಗುರುತಿಸುವ ಸಂಖ್ಯೆ) ಇಟ್ಟುಕೊಂಡು ಇಮೇಲ್ ಬರೆದು ಕೇಳಿ, ನಮ್ಮಲ್ಲಿ ಬರುತ್ತದೋ ಇಲ್ಲವೋ ಎಂದು ಅವರೇ ಉತ್ತರಿಸುತ್ತಾರೆ. ದಲ್ಲಾಳಿ ಬೇಡವೇ ಬೇಡ.

ಮಂಡಳಿಯವರು ನಡೆಸುವ ಬೈಯರ್-ಸೆಲ್ಲರ್ ಮೀಟ್ ನನಗೆ ಕೆಲಸಕ್ಕೆ ಬಂದಿದೆ. ಆದರೆ ಅಲ್ಲಿಗೆ ಹೋಗುವ ಮೊದಲು ಲ್ಯಾಬ್ ರಿಪೋರ್ಟ್ ಕೈಯಲ್ಲಿರಲಿ. ತೇವಾಂಶ, ಸೀಸ-ಪಾದರಸದಂಥ ಭಾರಲೋಹ, ಕೀಟನಾಶಕದ ಉಳಿಕೆ, ಬೂಷ್ಟು, ಇವನ್ನು ಮೊದಲ ಮಾತಿಗೇ ಕೇಳುತ್ತಾರೆ.

ಉತ್ತರ (ನ್ಯೂಜೆರ್ಸಿ, ಹರ್ಬಲ್ ಸಪ್ಲಿಮೆಂಟ್ ಕಂಪನಿಯ ಕ್ವಾಲಿಟಿ ವಿಭಾಗ):

ನಮಸ್ಕಾರ. ಊರು ಸಾಗರ, ಈಗ ಇಲ್ಲಿದ್ದೇನೆ. ಮಾಲು ತರಿಸುವ ಕಡೆಯವಳಾಗಿ ಎರಡು ಮಾತು.

ಇಲ್ಲಿ ಈ ಉದ್ಯಮದ ದೊಡ್ಡ ಸಂಘ ಅಮೆರಿಕನ್ ಹರ್ಬಲ್ ಪ್ರಾಡಕ್ಟ್ಸ್ ಅಸೋಸಿಯೇಷನ್. 1982ರಲ್ಲಿ ಶುರುವಾದದ್ದು. ನೀವು ಅದಕ್ಕೆ ಸೇರುವ ಅಗತ್ಯ ಈಗ ಇಲ್ಲ. ಆದರೆ ಒಳ್ಳೆಯ ಸಂಘ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅದನ್ನು ನೋಡಬೇಕು. ಒಂದೇ ಬೇರಿಗೆ ಹತ್ತು ಹೆಸರು ಇದ್ದರೆ ಲೇಬಲ್ ಮೇಲೆ ಏನು ಬರೆಯುವುದು? ಅದಕ್ಕಾಗಿ ಈ ಸಂಘ 1992ರಲ್ಲಿ ‘ಹರ್ಬ್ಸ್ ಆಫ್ ಕಾಮರ್ಸ್’ ಎಂಬ ಹೆಸರುಗಳ ಪಟ್ಟಿ ತಂದಿತು. ಮುಂದೆ ಇಲ್ಲಿನ ಸರ್ಕಾರದ ಆಹಾರ-ಔಷಧಿ ಸಂಸ್ಥೆ ಎಫ್‌ಡಿಎ ತನ್ನ ಲೇಬಲ್ ನಿಯಮದಲ್ಲಿ ಆ ಪಟ್ಟಿಯನ್ನೇ ಆಧಾರವಾಗಿ ತೆಗೆದುಕೊಂಡಿತು.

ಇನ್ನೊಂದು, ಕಾಮ್‌ಫ್ರೀ ಎನ್ನುವ ಸೊಪ್ಪಿನ ಕಥೆ. ಅದನ್ನು ಹೊಟ್ಟೆಗೆ ತೆಗೆದುಕೊಂಡರೆ ಲಿವರ್ ಹಾಳಾಗುತ್ತದೆ ಎಂದು ಗೊತ್ತಾದಾಗ, ಸಂಘ 1996ರಲ್ಲೇ ತನ್ನ ಸದಸ್ಯರಿಗೆ ಹೊಟ್ಟೆಗೆ ತೆಗೆದುಕೊಳ್ಳುವ ರೂಪದಲ್ಲಿ ಮಾರಬೇಡಿ ಎಂದಿತು. ಎಫ್‌ಡಿಎ ಕಂಪನಿಗಳಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಪತ್ರ ಬರೆದದ್ದು 2001ರಲ್ಲಿ. ತನ್ನ ಸದಸ್ಯರಿಗೆ ನಷ್ಟವಾದರೂ ‘ಬೇಡ’ ಎನ್ನುವ ಧೈರ್ಯ ಸಂಘಕ್ಕೆ ಇರಬೇಕು, ಅಲ್ವಾ? ನಿಮಗೆ ಫೋನ್ ಮಾಡಿದವರನ್ನು ಇದನ್ನೇ ಕೇಳಿ: ಕಲಬೆರಕೆ ಮಾಡಿದ ಸದಸ್ಯರ ಮೇಲೆ ನೀವು ಏನು ಕ್ರಮ ಕೈಗೊಂಡಿದ್ದೀರಿ? ಅಶ್ವಗಂಧದ ವಿಷಯದಲ್ಲಿ ಇದು ಈಗಲೂ ಬಿಸಿ. ಬೇರಿನ ಜೊತೆ ಎಲೆ ಸೇರಿಸಿ ಸಾರ ತೆಗೆಯುವವರು ಇದ್ದಾರೆ. ಎಲೆ ಬಳಸಬೇಡಿ ಎಂದು ನಮ್ಮ ಆಯುಷ್ ಸಚಿವಾಲಯವೇ 2021ರಲ್ಲಿ ಹೇಳಬೇಕಾಯಿತು.

ನಿಮ್ಮ ಲೇಬಲ್ ಮೇಲೆ ‘ಶುಗರ್ ಗುಣವಾಗುತ್ತದೆ’, ‘ಬೊಜ್ಜು ಕರಗುತ್ತದೆ’ ಎಂದೆಲ್ಲ ಬರೆಯಬೇಡಿ. ಕಾಯಿಲೆ ವಾಸಿಯಾಗುತ್ತದೆ ಎಂದರೆ ಇಲ್ಲಿ ಅದು ಔಷಧಿಯ ಲೆಕ್ಕಕ್ಕೆ ಹೋಗುತ್ತದೆ, ಮಾಲು ಬಂದರಿನಲ್ಲೇ ನಿಲ್ಲುತ್ತದೆ. ಉಪ್ಪಾಗೆಯ ಸಾರವನ್ನು ತೂಕ ಇಳಿಸಲು ಎಂದು ಇಲ್ಲಿ ಜೋರಾಗಿ ಮಾರಿದ ಕಾಲ ಇತ್ತು. ನೀವು ಆ ದಾರಿ ಹಿಡಿಯದಿದ್ದರೆ ಒಳ್ಳೆಯದು. ಅಡುಗೆಗೆ ಬಳಸುವ ಒಣ ಹುಳಿ ಎಂದೇ ಕಳಿಸಿ. ಕೂದಲೆಣ್ಣೆಯನ್ನು ಈಗಲೇ ಕಳಿಸಬೇಡಿ. 2022ರ ಕೊನೆಯಲ್ಲಿ ಬಂದ ಹೊಸ ಕಾನೂನಿನಿಂದ ಸೌಂದರ್ಯವರ್ಧಕಗಳ ಲೆಕ್ಕಪತ್ರ ಜಾಸ್ತಿಯಾಗಿದೆ.

ಉತ್ತರ (ಪುತ್ತೂರು):

ಸಂಘ ಎಂದರೆ ಸಭೆ, ಸನ್ಮಾನ, ಡೈರಿ ಎಂದಾಗಬಾರದು. ಕೇರಳದ ಆಯುರ್ವೇದ ತಯಾರಕರು ಕೂಡಿ ಕೇಂದ್ರದ ನೆರವಿನಿಂದ ತ್ರಿಶೂರು ಜಿಲ್ಲೆಯ ಕೊರಟ್ಟಿಯಲ್ಲಿ ಕೇರ್ ಕೇರಳಂ ಎಂದು ಕಟ್ಟಿಕೊಂಡಿದ್ದಾರೆ. ಅಲ್ಲಿ ಎಲ್ಲರಿಗೂ ಸೇರಿ ಒಂದು ಪರೀಕ್ಷಾ ಲ್ಯಾಬ್ ಇದೆ. ಸಣ್ಣವರಿಗೆ ಬೇಕಾದದ್ದು ಇದೇ. ಒಬ್ಬೊಬ್ಬರೇ ಲಕ್ಷಗಟ್ಟಲೆ ಮಷಿನ್ ತರಲು ಆಗುವುದಿಲ್ಲ. ನಮ್ಮ ಮಲೆನಾಡಿನ ಘಟಕಗಳೂ ಹೀಗೆ ಒಟ್ಟಾಗಬೇಕು ಎಂದು ನನಗೆ ಬಹಳ ಆಸೆ.

ಉತ್ತರ (ಶಿರಸಿ ತಾಲೂಕು, ಕಿರು ಅರಣ್ಯ ಉತ್ಪನ್ನ ಕೊಳ್ಳುವವರು):

ತಂಗಿ, ಒಂದು ಸಂಘದವರು ನನಗೆ ಚೆಂದದ ಸರ್ಟಿಫಿಕೇಟ್ ಕೊಟ್ಟು, ಆಮೇಲೆ ಒಂದು ಫೋನನ್ನೂ ಎತ್ತಲಿಲ್ಲ. ಹೆಸರು ಬೇಡ. ಅದರ ಮೇಲೆ ‘ಅಂತರರಾಷ್ಟ್ರೀಯ’ ಎಂದು ಬರೆದಿತ್ತು, ಖರೀದಿದಾರರು ಯಾರೂ ಅದನ್ನು ಕೇಳಲಿಲ್ಲ. ಸೇರುವ ಮೊದಲು ಅದರ ಈಗಿನ ಸದಸ್ಯರಲ್ಲಿ ನಮ್ಮಷ್ಟೇ ಸಣ್ಣವರು ಯಾರಿದ್ದಾರೆ ಎಂದು ಪಟ್ಟಿ ಕೇಳಿ, ಅವರಿಗೆ ನೀವೇ ಫೋನ್ ಮಾಡಿ. ಪಟ್ಟಿ ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ.

ನನ್ನ ಪ್ರಕಾರ ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಡ್ರೈಯರಿಗೆ. ಉಪ್ಪಾಗೆ ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲ ಎಂದು ಎಲ್ಲರೂ ಒಲೆಯ ಮೇಲೆ ಅಟ್ಟ ಕಟ್ಟಿ ಹೊಗೆಯಲ್ಲಿ ಒಣಗಿಸುತ್ತಾರೆ. ಎಷ್ಟು ಕಟ್ಟಿಗೆ ಹೋಗುತ್ತದೆ ನಿಮಗೇ ಗೊತ್ತು. ಹೊಗೆ ವಾಸನೆ ಹಿಡಿದ ಸಿಪ್ಪೆಗೆ ರೇಟು ಇಳಿಯುತ್ತದೆ, ಅರೆ ಒಣಗಿದ್ದಕ್ಕೆ ಬೂಷ್ಟು ಬರುತ್ತದೆ. ಇನ್ನೊಬ್ಬರು ಕೊಯ್ಯುತ್ತಾರೆ ಎಂಬ ಭಯಕ್ಕೆ ಕಾಯಿ ಇದ್ದಾಗಲೇ ಕೊಯ್ಯುವುದೂ ಇದೆ. ಅದು ಮರಕ್ಕೂ ಕೆಟ್ಟದ್ದು, ಮಾಲಿಗೂ ಕೆಟ್ಟದ್ದು. ಬಲಿತ ಹಣ್ಣು ಮಾತ್ರ ಕೊಳ್ಳುತ್ತೇವೆ ಎಂದು ನಿಮ್ಮ ಗುಂಪೇ ಒಂದು ನಿಯಮ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಮುರುಗಲ ಸ್ಪೈಸಸ್ ಬೋರ್ಡಿಗೆ ಬರುತ್ತದೆ ಎಂದು ಇವತ್ತೇ ಗೊತ್ತಾಯಿತು. ಹಾಗಾದರೆ ಕ್ರೆಸ್ ಮಾಡಿಸಿಕೊಂಡು, ಉಳಿದ ಸಂಘಗಳನ್ನು ಸದ್ಯಕ್ಕೆ ಬಿಡಬಹುದೇ? ಔಷಧಿ ಸಸ್ಯಗಳ ಸರ್ಕಾರಿ ಮಂಡಳಿ ಎಂದು ಒಂದು ಇದೆಯಂತೆ, ಅದು ಯಾವುದು?

ಉತ್ತರ (ಬೆಂಗಳೂರು, ಆಯುರ್ವೇದ ಔಷಧಿ ತಯಾರಿಕೆ):

ಬಿಡಬಹುದು ಅಕ್ಕ. ಎಣ್ಣೆಗೆ ಆಯುಷ್ ಲೈಸೆನ್ಸ್ ತೆಗೆದುಕೊಂಡ ಮೇಲೆ ತಯಾರಕರ ಸಂಘದ ಬಗ್ಗೆ ಯೋಚಿಸಿ. ನೀವು ಕೇಳಿದ್ದು ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿ, 2000ದಲ್ಲಿ ಆದದ್ದು. ಅದು ಸಂಘ ಅಲ್ಲ, ಸರ್ಕಾರದ್ದೇ. ನಮ್ಮ ರಾಜ್ಯದಲ್ಲಿ ಅದರ ಕೆಲಸವನ್ನು ಕರ್ನಾಟಕ ರಾಜ್ಯ ಔಷಧಿ ಗಿಡಮೂಲಿಕಾ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಬೆಳೆಯುವುದಕ್ಕೂ ಕಾಡಿನಿಂದ ಕೊಯ್ಯುವುದಕ್ಕೂ ಒಳ್ಳೆಯ ಕ್ರಮ ಯಾವುದು ಎಂದು ಮಂಡಳಿಯವರು ಬರೆದಿಟ್ಟಿದ್ದಾರೆ, ಅದರ ಮೇಲೆ ಸ್ವಇಚ್ಛೆಯ ಪ್ರಮಾಣಪತ್ರವೂ ಇದೆ. ಶಿರಸಿಯ ಅಣ್ಣ ಹೇಳಿದ ಬಲಿತ ಹಣ್ಣಿನ ನಿಯಮ ಬರೆಯುವಾಗ ಅದನ್ನು ಮುಂದಿಟ್ಟುಕೊಳ್ಳಿ. ಸೀಗೆಕಾಯಿ ಯಾರಿಂದ, ಯಾವ ಊರಿನಿಂದ ಬಂತು ಎನ್ನುವ ಪುಸ್ತಕವನ್ನೂ ಅದರ ಜೊತೆಗೇ ಶುರು ಮಾಡಿ.

ಉತ್ತರ (ನ್ಯೂಜೆರ್ಸಿ):

ಸ್ಯಾಂಪಲ್ ಕೇಳಿದವರಿಗೆ ಕಳಿಸುವ ಮೊದಲು, ಅವರಿಗೆ ಯಾವ ಯಾವ ಪರೀಕ್ಷೆಯ ರಿಪೋರ್ಟ್ ಬೇಕು, ಎಷ್ಟು ಮಿತಿ ಎಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಲ್ಯಾಬಿಗೆ ಕೊಟ್ಟ ಮಾಲು, ಅವರಿಗೆ ಕಳಿಸುವ ಮಾಲು ಒಂದೇ ಬ್ಯಾಚಿನದ್ದಾಗಿರಲಿ. ಸ್ವಲ್ಪವನ್ನು ಬ್ಯಾಚ್ ನಂಬರ್ ಬರೆದು ನಿಮ್ಮಲ್ಲೇ ಎತ್ತಿಡಿ.