ಗುಡ್ಡದ ಬೆಂಕಿ ಎತ್ತ ಹೋಗುತ್ತೆ ಅಂತ ಹೇಳುವವರು ನಮಗೂ ಬೇಕಲ್ವಾ?

ಸಂಡೂರು ಸೀಮೆ:
ಬೇಸಿಗೆ ಇನ್ನೂ ಸರಿಯಾಗಿ ಕಾಲಿಟ್ಟಿಲ್ಲ, ಆಗಲೇ ಗುಡ್ಡದ ಮೇಲೆ ಹೊಗೆ. ಬೆಂಕಿ ಆರಿಸುವವರು ನಮ್ಮಲ್ಲಿದ್ದಾರೆ. ಈಗ ಇಲ್ಲಿರುವ ಬೆಂಕಿ ಇನ್ನೆರಡು ಗಂಟೆಗೆ ಎಲ್ಲಿರುತ್ತೆ ಅಂತ ಲೆಕ್ಕ ಹಾಕಿ ಹೇಳುವವರು ಮಾತ್ರ ಕಾಣಲ್ಲ. ಅಮೆರಿಕದಲ್ಲಿ ಇದಕ್ಕೇ ಒಂದು ಹುದ್ದೆ ಇದೆ, ಫೈರ್ ಬಿಹೇವಿಯರ್ ಅನಲಿಸ್ಟ್ ಅಂತ. ಎಸ್-390, ಎಸ್-490, ಎಸ್-590 ಎಂದು ಒಂದರ ಮೇಲೊಂದು ಕೋರ್ಸು. ಅಷ್ಟಾದ ಮೇಲೂ ನಿಜವಾದ ಬೆಂಕಿಯ ಹತ್ತಿರ ಕೆಲಸ ಮಾಡಿ, ಹಿರಿಯರಿಂದ ಟಾಸ್ಕ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ಸೇರಿ ಇಂಥ ನಾಲ್ಕು ಜನರನ್ನಾದರೂ ತಯಾರು ಮಾಡಬಾರದಾ? ಮೊಣಕಾಲುದ್ದ ಕರಡ ಹುಲ್ಲು ಒಣಗಿ ನಿಂತಿರುವ ಗುಡ್ಡ ನಮ್ಮದು. ಕಡ್ಡಿ ಗೀರಿದರೆ ಸಾಕು.

ಬಿಸಿಲೂರು:
ಮೂರಕ್ಕೂ ಸೇರಿ ಅಂದ್ರಲ್ಲ ಅಣ್ಣಾ, ರಾಯಚೂರಲ್ಲಿ ಕಾಡೆಲ್ಲಿದೆ ತೋರಿಸಿ. ಇರೋದೆಲ್ಲ ಜಾಲಿ. ಅದೂ ನಿಮ್ಮೂರ ಹೆಸರಿಂದೇ, ಬಳ್ಳಾರಿ ಜಾಲಿ. 😀

ಗಂಗಾವತಿ ಗದ್ದೆ:
ಸುಮ್ನೆ ದುಡ್ಡು ದಂಡ. ಬೆಂಕಿ ಬಿದ್ದರೆ ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದಲ್ಲಿ ನೋಡಿ ಮೊಬೈಲಿಗೇ ಮೆಸೇಜ್ ಹಾಕ್ತಾರೆ. ಇನ್ನೊಬ್ಬ ಭವಿಷ್ಯ ಹೇಳುವವನು ಯಾಕೆ?

ಸಂಡೂರು ಸೀಮೆ:
ಮೆಸೇಜ್ ಬರೋದು ಬೆಂಕಿ ಬಿದ್ದ ಮೇಲೆ. ವಿಐಐಆರ್‌ಎಸ್ ಅನ್ನೋ ಸಾಧನ ನೋಡೋದು 375 ಮೀಟರಿನ ಚೌಕ. ಅದನ್ನು ಹೊತ್ತ ಉಪಗ್ರಹ ನಮ್ಮ ತಲೆ ಮೇಲೆ ಹಾಯೋದು ಮಧ್ಯಾಹ್ನ ಒಂದೂವರೆ ಸುಮಾರಿಗೆ, ಆಮೇಲೆ ರಾತ್ರಿ ಒಂದೂವರೆ ಸುಮಾರಿಗೆ. ಮೂರು ಗಂಟೆಗೆ ಹತ್ತಿದ ಹುಲ್ಲಿನ ಬೆಂಕಿ ರಾತ್ರಿಯವರೆಗೂ ಕಾಯ್ತಾ ಕೂರುತ್ತಾ? ಇಷ್ಟಕ್ಕೂ ಮೆಸೇಜಲ್ಲಿ ಬರೋ ಚುಕ್ಕಿಯಲ್ಲಿ ನಿಮ್ಮ ಗದ್ದೆಯ ಕೂಳೆ ಸುಟ್ಟಿದ್ದು ಎಷ್ಟು, ಕಾಡು ಸುಟ್ಟಿದ್ದು ಎಷ್ಟು?

ಗಂಗಾವತಿ ಗದ್ದೆ:
ಬಂತು ನೋಡಿ ರೈತರ ಮೇಲೆ! ಕಂಬೈನು ಕೊಯ್ದು ಹೋದ ಮೇಲೆ ಕೂಳೆ ತೆಗೆಸೋ ಕೂಲಿ ನೀವು ಕೊಡ್ತೀರಾ? ಎರಡನೇ ಬೆಳೆಗೆ ಕಾಲುವೆ ನೀರು ಬಿಡೋ ತಾರೀಕು ನನಗಾಗಿ ನಿಲ್ಲಲ್ಲ.

ಕುಕನೂರು ಮೇಷ್ಟ್ರು:
ಮೊದಲ ಪೋಸ್ಟಿನಲ್ಲೇ ತಪ್ಪು. ಸಂಡೂರು ಗುಡ್ಡದ ಮೇಲಿರೋದು ಕರಡ ಅಲ್ಲ, ಬಾದೆ. ಹುಲ್ಲಿನ ಹೆಸರೇ ಗೊತ್ತಿಲ್ಲದವರು ತಜ್ಞರನ್ನು ತಯಾರು ಮಾಡ್ತಾರಂತೆ.

ಸಂಡೂರು ಸೀಮೆ:
ಮೇಷ್ಟ್ರೇ, ನಾನು ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಕಾಣೋದೇ ಆ ಗುಡ್ಡ. ಕರಡ ಅದು.

ಕುಕನೂರು ಮೇಷ್ಟ್ರು:
ಬಾಗಿಲಿಂದ ಕಾಣೋದು ಗುಡ್ಡ, ಹುಲ್ಲಲ್ಲ. ನಮ್ಮ ತಾತನ ಮನೆಗೆ ಹೊದಿಸಿದ್ದು ಬಾದೆ. ಸೊಂಟಕ್ಕೆ ಬರುತ್ತೆ, ಕೈಯಲ್ಲಿ ತಿಕ್ಕಿದರೆ ವಾಸನೆ ಬರುತ್ತೆ. ಕರಡ ದನ ತಿನ್ನುತ್ತೆ, ಒಣಗಿದ ಬಾದೆಯನ್ನು ಮೂಸಿಯೂ ನೋಡಲ್ಲ. ತಿನ್ನೋ ಹುಲ್ಲಾಗಿದ್ದರೆ ಬೆಂಕಿಗೆ ಉಳೀತಿತ್ತಾ?

ಬಿಸಿಲೂರು:
ನಮ್ಮ ಕಡೆ ಒಣಗಿದ್ದಕ್ಕೆಲ್ಲ ಕರಡ ಅಂತಾರೆ. ಮೇಷ್ಟ್ರು ಒಣಗಿದರೆ ಮೇಷ್ಟ್ರಿಗೂ.

ಕುಕನೂರು ಮೇಷ್ಟ್ರು:
ತಮ್ಮಾ, ಹಿರಿಯರ ಜೊತೆ ಮಾತಾಡೋ ರೀತಿನಾ ಇದು? ನಾಲಿಗೆ ಹಿಡಿತದಲ್ಲಿರಲಿ.

ಎರೆಹೊಲ:
ಹೆಸರು ಏನಾದರೂ ಇರಲಿ, ಎತ್ತರ ಹೇಳಿ. ಲೆಕ್ಕಕ್ಕೆ ಬೇಕಾಗಿರೋದು ಅದೇ. 1972ರಲ್ಲಿ ರಾಥರ್ಮೆಲ್ ಅನ್ನೋರು ಬೆಂಕಿ ಹಬ್ಬುವ ವೇಗಕ್ಕೆ ಸೂತ್ರ ಕೊಟ್ಟರು. ಅದಕ್ಕೆ ಹಾಕೋಕೆ ಅಂತ 1982ರ ಹೊತ್ತಿಗೆ ಉರುವಲನ್ನು 13 ಮಾದರಿ ಮಾಡಿದರು. ಒಂದನೇದು ಗಿಡ್ಡ ಹುಲ್ಲು, ಸುಮಾರು ಒಂದು ಅಡಿ. ಮೂರನೇದು ಎತ್ತರದ ಹುಲ್ಲು, ಎರಡೂವರೆ ಅಡಿ. ಗಾಳಿ ಗಂಟೆಗೆ 8 ಕಿ.ಮೀ., ಒಣಗಿದ ಹುಲ್ಲುಕಡ್ಡಿಯ ತೇವ ಶೇ. 8 ಇದ್ದರೆ ಗಿಡ್ಡ ಹುಲ್ಲಿನ ಜ್ವಾಲೆ 4 ಅಡಿ, ಎತ್ತರದ್ದು 12 ಅಡಿ. 4 ಅಡಿ ಮೀರಿದರೆ ಕೈಸಲಕರಣೆ ಹಿಡಿದು ಬೆಂಕಿಯ ಮುಂದೆ ನಿಲ್ಲೋಕಾಗಲ್ಲ. ಬೆಂಕಿ ಕಾಯೋ ನಮ್ಮ ವಾಚರುಗಳ ಕೈಯಲ್ಲಿ ಇರೋದು ಸೊಪ್ಪಿನ ಕೊಂಬೆ.

ಕುಕನೂರು ಮೇಷ್ಟ್ರು:
ಎತ್ತರದ ಹುಲ್ಲು ಅಂತ ನೀವೇ ಒಪ್ಪಿದಿರಿ. ಅಂದರೆ ಬಾದೆ. ಮುಗೀತು.

ಎರೆಹೊಲ:
ನಾನೇನು ಒಪ್ಪಿದೆ? ಅಳೆದು ನೋಡಿ ಅಂದೆ.

ಸಂಡೂರು ಸೀಮೆ:
ಮೊಣಕಾಲುದ್ದ ಅಂತ ಆಗಲೇ ಬರೆದಿದ್ದೀನಿ.

ಕುಕನೂರು ಮೇಷ್ಟ್ರು:
ಯಾರ ಮೊಣಕಾಲು?

ವಾಚರ್ ಮಗ:
ನಮ್ಮಪ್ಪ ಬೇಸಿಗೆಗೆ ದಿನಗೂಲಿ ಫೈರ್ ವಾಚರ್ ಆಗಿದ್ದರು. ಬೆಳಿಗ್ಗೆ ಒಂದು ಹಿಡಿ ಹುಲ್ಲು ಕಿತ್ತು ಕಿವಿ ಹತ್ತಿರ ಮುರೀತಿದ್ದರು. ಬಾಗಿದರೆ ಸರಿ, ಕೆಲಸ ಮಾಡಬಹುದು. ಚಟ್ ಅಂತ ಮುರಿದರೆ ಆವತ್ತು ಬೆಂಕಿಗಿಂತ ಮೇಲೆ ಯಾರನ್ನೂ ಹತ್ತಿಸ್ತಿರಲಿಲ್ಲ. ಏಳಕ್ಕೆ ಬಾಗಿದ ಹುಲ್ಲು ಹತ್ತಕ್ಕೆ ಮುರಿಯುತ್ತೆ ಅಂತಿದ್ದರು. ಒಂದು ಸಲ ಬೇರೆ ಊರಿಂದ ಬಂದ ಹುಡುಗರು ಮಾತು ಕೇಳದೆ ಮೇಲಿಂದ ಇಳಿದು ಬಂದರು. ಗಾಳಿ ತಿರುಗಿತು. ಒಬ್ಬನ ಹುಬ್ಬು ಪೂರ್ತಿ ಸುಟ್ಟು ಹೋಯಿತು, ಹವಾಯಿ ಚಪ್ಪಲಿ ಕರಗಿ ಬಂಡೆಗೆ ಅಂಟಿಕೊಂಡಿತ್ತು. ಅಪ್ಪ ಯಾವ ಕೋರ್ಸೂ ಮಾಡಿರಲಿಲ್ಲ.

ಗಂಗಾವತಿ ಗದ್ದೆ:
"ಯಾವ ಕೋರ್ಸೂ ಮಾಡಿರಲಿಲ್ಲ." ಇದನ್ನೇ ನಾನು ಮೊದಲಿಂದ ಹೇಳ್ತಿರೋದು.

ವಾಚರ್ ಮಗ:
ಕೋರ್ಸ್ ಬೇಡ ಅಂತ ನಾನು ಹೇಳಲಿಲ್ಲ ಅಣ್ಣಾ. ಅಪ್ಪ ಹೋದ ಮೇಲೆ ಅದನ್ನು ಹೇಳಿಕೊಡೋರು ಯಾರೂ ಇಲ್ಲ ಅಂತ ಹೇಳೋಕೆ ಬಂದೆ.

ಎರೆಹೊಲ:
ನಿಮ್ಮಪ್ಪ ಮುರಿದು ನೋಡ್ತಿದ್ದುದನ್ನೇ ಆ ಕೋರ್ಸಲ್ಲಿ ಒಂದು ಗಂಟೆಯ ಉರುವಲು ಅಂತಾರೆ. ಕಾಲು ಅಂಗುಲಕ್ಕಿಂತ ಸಣ್ಣ ಕಡ್ಡಿ ಗಾಳಿಯ ತೇವಕ್ಕೆ ಒಂದು ಗಂಟೆಯಲ್ಲೇ ಹತ್ತಿರ ಬರುತ್ತೆ. ಮೇಲಕ್ಕೆ ಹತ್ತಬೇಡಿ ಅಂದಿದ್ದಕ್ಕೂ ಲೆಕ್ಕ ಇದೆ. ಇಳಿಜಾರು 10 ಡಿಗ್ರಿ ಜಾಸ್ತಿ ಆದರೆ ಏರುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಅಂತ ಆಸ್ಟ್ರೇಲಿಯಾದ ಮ್ಯಾಕ್‌ಆರ್ಥರ್ ಹೇಳಿದ್ದಾರೆ.

ಗಂಗಾವತಿ ಗದ್ದೆ:
ಆಸ್ಟ್ರೇಲಿಯಾ ಅಂದ್ರಾ? 2009ರ ಫೆಬ್ರವರಿ 7ರಂದು ಅಲ್ಲಿ ಕಾಡ್ಗಿಚ್ಚಿಗೆ 173 ಜನ ಸತ್ತರು. ಸೂತ್ರ, ನಕ್ಷೆ, ಕಂಪ್ಯೂಟರ್ ಎಲ್ಲಾ ಇತ್ತು. ಏನಾಯ್ತು?

ಎರೆಹೊಲ:
ಬೆಂಕಿ ಎತ್ತ ಹೋಗುತ್ತೆ ಅನ್ನೋ ನಕ್ಷೆ ಆವತ್ತು ತಯಾರಾಗಿತ್ತು. ಅದು ಜನರಿಗೆ ಮುಟ್ಟಲಿಲ್ಲ. ಮುಟ್ಟಿಸದವರ ತಪ್ಪನ್ನು ಲೆಕ್ಕದ ಮೇಲೆ ಯಾಕೆ ಹಾಕ್ತೀರಿ?

ಗಂಗಾವತಿ ಗದ್ದೆ:
ನಮ್ಮಲ್ಲಿ ಮುಟ್ಟಿಸ್ತಾರೆ ಅಂತ ಯಾವ ಧೈರ್ಯ?

ಬಿಸಿಲೂರು:
ಏರುವ ಬೆಂಕಿ ಅಂದ್ರಿ. ಮಳೆಗಾಲಕ್ಕೆ ಮುಂಚೆ ಸಂಜೆ ಗುಡುಗು ಬಂದಾಗ ಧೂಳು ಗಾಳಿ ಗುಡ್ಡದಿಂದ ಕೆಳಕ್ಕೆ ಬೀಸಲ್ವಾ? ಆಗ ಬೆಂಕಿನೂ ಇಳಿಯುತ್ತೆ. ನಾನು ಕಣ್ಣಾರೆ ನೋಡಿದ್ದೀನಿ.

ಎರೆಹೊಲ:
ಹೌದು, ಗಾಳಿ ಜೋರಿದ್ದರೆ ಇಳಿಯುತ್ತೆ. 2013ರಲ್ಲಿ ಅರಿಜೋನಾದ ಯಾರ್ನೆಲ್ ಗುಡ್ಡದಲ್ಲಿ 19 ಜನ ಬೆಂಕಿಯಾಳುಗಳು ಸತ್ತಿದ್ದು ಗುಡುಗು ಮೋಡದ ಗಾಳಿ ದಿಕ್ಕು ತಿರುಗಿಸಿದಾಗಲೇ. ಅದಕ್ಕೇ ಹವಾಮಾನ ಓದೋಕೆ ಬರೋನೊಬ್ಬ ಬೇಕು ಅನ್ನೋದು.

ಬಿಸಿಲೂರು:
ಅಂದರೆ ನಾನು ಹೇಳಿದ್ದು ಸರಿ.

ಕುಕನೂರು ಮೇಷ್ಟ್ರು:
ಅರಿಜೋನಾಕ್ಕೆ ಹೋದವರು ಸಂಡೂರಿಗೆ ವಾಪಸ್ ಬನ್ನಿ. ಬಾದೆಯೋ ಕರಡವೋ ಇತ್ಯರ್ಥ ಆಗಿಲ್ಲ. ಹುಲ್ಲು ತಪ್ಪಾದರೆ ನಾಲ್ಕಡಿ ಅಂತ ಹೇಳಿ ಹುಡುಗರನ್ನು ಹನ್ನೆರಡು ಅಡಿಗೆ ಕಳಿಸ್ತೀರಿ.

ಸಂಡೂರು ಸೀಮೆ:
ಮೇಷ್ಟ್ರೇ, ಇದನ್ನು ನೋಡಿ ಹೇಳೋನು ಬೇಕು ಅಂತಲೇ ನಾನು ಪೋಸ್ಟ್ ಹಾಕಿದ್ದು! ನೀವು ನನ್ನ ಪರವಾಗೇ ಮಾತಾಡ್ತಿದ್ದೀರಿ.

ಕುಕನೂರು ಮೇಷ್ಟ್ರು:
ನಿಮ್ಮ ಪರ ಅಲ್ಲ. ಬಾದೆಯ ಪರ.

ವಾಚರ್ ಮಗ:
ಎರಡೂ ಇದೆ. ಕೆಳಗೆ ದನ ಮೇಯೋ ಕಡೆ ಗಿಡ್ಡ, ಮೇಲೆ ಬಂಡೆ ಸಾಲಿನ ಹತ್ತಿರ ಎತ್ತರ. ನಡುವೆ ಎಲ್ಲಿ ಬದಲಾಗುತ್ತೆ ಅಂತ ಅಪ್ಪನಿಗೆ ಗೊತ್ತಿತ್ತು.

ಕುಕನೂರು ಮೇಷ್ಟ್ರು:
ಮೇಲೆ ಎತ್ತರ ಅಂದ್ರಲ್ಲ, ಅಷ್ಟು ಸಾಕು.

ಸಂಡೂರು ಸೀಮೆ:
ಕೆಳಗೆ ಗಿಡ್ಡ ಅಂದಿದ್ದು ಓದಲಿಲ್ವಾ? ಭಾನುವಾರ ಬನ್ನಿ, ಹತ್ತೋಣ. ಟೇಪ್ ನಾನು ತರ್ತೀನಿ.

ಕುಕನೂರು ಮೇಷ್ಟ್ರು:
ಬರ್ತೀನಿ. ಆದರೆ ಹತ್ತು ಗಂಟೆ ಒಳಗೆ ಇಳಿದುಬಿಡಬೇಕು.

ಬಿಸಿಲೂರು:
ಹವಾಯಿ ಚಪ್ಪಲಿ ಬೇಡ ಮೇಷ್ಟ್ರೇ.