ಬಿಸಿಯಾದರೆ ಬಂದ್, ತಣ್ಣಗಾದರೆ ಸ್ಟಾರ್ಟ್: ನನ್ನ ಸ್ಯಾನ್ ಸ್ಟಾರ್ಮ್‌ಗೆ ಏನಾಗಿದೆ?

ಬಾಗಲಕೋಟೆ_ಟೂಸೀಟರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೆಯ ಸ್ಯಾನ್ ಸ್ಟಾರ್ಮ್ ಇದೆ. ನೋಡದವರಿಗೆ ಹೇಳುತ್ತೇನೆ, ಇದು ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಗಾಡಿ. ಮೇಲೆ ಮಡಚುವ ಬಟ್ಟೆಯ ಹುಡ್, ಫೈಬರ್ ಬಾಡಿ, ಒಳಗೆ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್. ಎರಡು ವರ್ಷದ ಹಿಂದೆ ಗೋವಾದಿಂದಲೇ ಕೊಂಡು, ಚೋರ್ಲಾ ಘಾಟ್ ಹತ್ತಿಸಿ ಬೆಳಗಾವಿ ಮೇಲೆ ನವನಗರಕ್ಕೆ ತಂದೆ. ಅವತ್ತು ಜೋರು ಮಳೆ. ಗಾಡಿ ಒಂದು ಸಲವೂ ಕೈಕೊಡಲಿಲ್ಲ.

ತೊಂದರೆ ಶುರುವಾಗಿದ್ದು ಈ ಬೇಸಿಗೆಯಲ್ಲಿ. ಮುಕ್ಕಾಲು ತಾಸು ಓಡಿದ ಮೇಲೆ ಒಮ್ಮೆಲೇ ಬಂದ್ ಆಗುತ್ತದೆ. ಜಗ್ಗುವುದಿಲ್ಲ, ಮಿಸ್ಸಿಂಗ್ ಇಲ್ಲ, ಯಾರೋ ಕೀ ತಿರುಗಿಸಿ ತೆಗೆದ ಹಾಗೆ. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಹತ್ತಿಕೊಳ್ಳುತ್ತದೆ. ಹೋದ ಭಾನುವಾರ ಅಪ್ಪನನ್ನು ಕರೆದುಕೊಂಡು ಕೊಲ್ಹಾರಕ್ಕೆ ಮೊಸರು ತರಲು ಹೋಗಿದ್ದೆ, ವಾಪಸ್ ಬರುವಾಗ ಕೃಷ್ಣಾ ಸೇತುವೆ ಮೇಲೆಯೇ ನಿಂತಿತು. ಹಿಂದೆ ಲಾರಿಗಳು. ಎಪ್ಪತ್ತು ದಾಟಿದ ಅಪ್ಪ ಆ ಬಿಸಿಲಲ್ಲಿ ಇಳಿದು ಗಾಡಿ ತಳ್ಳಿದರು. ಅದು ನನಗೆ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ, ಫ್ಯಾನ್ ತಿರುಗುತ್ತದೆ, ಕೂಲೆಂಟ್ ಕಡಿಮೆ ಆಗಿಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಸೆಲ್ಫ್ ಹೊಡೆಯುವಾಗ ಪೆಟ್ರೋಲ್ ಪಂಪ್ ಓಡುತ್ತಿಲ್ಲ ಎಂದು ಹೇಳಿ ಹೊಸ ಪಂಪ್ ಹಾಕಿದರು, 7,500 ರೂಪಾಯಿ ಆಯಿತು. ಒಂದು ವಾರಕ್ಕೆ ಮತ್ತೆ ಅದೇ ಕಥೆ. ಈಗ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಬದಲಿಸಬೇಕು ಅನ್ನುತ್ತಿದ್ದಾರೆ. ಈ ಗಾಡಿಯ ಇಸಿಯು ಎಲ್ಲಿ ಹುಡುಕಲಿ? ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ಕೆಲಸ ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಪಾನಾ ಸೆಟ್ಟು ಮತ್ತು ಮಲ್ಟಿಮೀಟರ್ ಇದೆ. ಎಲ್ಲಿಂದ ನೋಡಲು ಶುರು ಮಾಡಲಿ?

ಗುಮ್ಮಟದೂರ_ಕಾಕಾ:

ತಮ್ಮಾ, ನಾನು ವಿಜಯಪುರದಲ್ಲಿ ಇಪ್ಪತ್ತು ವರ್ಷ ಪದ್ಮಿನಿ ಓಡಿಸಿದವನು. ಬೇಸಿಗೆಯಲ್ಲಿ ಅದೂ ಹೀಗೆಯೇ ನಿಲ್ಲುತ್ತಿತ್ತು. ಎಂಜಿನ್ ಕಾವಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಕಾರ್ಬ್ಯುರೇಟರ್‌ಗೆ ಹೋಗುತ್ತಿರಲಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಗಿಡದ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಓಡುತ್ತಿತ್ತು. ಡಿಕ್ಕಿಯಲ್ಲಿ ಯಾವಾಗಲೂ ಒಂದು ಬಾಟಲಿ ನೀರು, ಒಂದು ಹಳೆ ಪಂಚೆ ಇಟ್ಟಿರುತ್ತಿದ್ದೆ. ನೀನೂ ಇಟ್ಟುಕೋ. ಅಪ್ಪನವರನ್ನು ಮಾತ್ರ ಬಿಸಿಲಲ್ಲಿ ಕರೆದುಕೊಂಡು ಹೋಗಬೇಡ.

ಉದ್ಯಮಬಾಗ_ಪಾನಾ:

ಕಾಕಾ ಹೇಳಿದ್ದು ಕಾರ್ಬ್ಯುರೇಟರ್ ಗಾಡಿಗೆ ನೂರಕ್ಕೆ ನೂರು ನಿಜ. ಆದರೆ ಇದು ಇಂಜೆಕ್ಷನ್ ಎಂಜಿನ್. ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಇರುತ್ತದೆ, ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ.

ಟೂಸೀಟರ್ ಅಣ್ಣಾ, ಇಸಿಯುಗೆ ಒಂದು ರೂಪಾಯಿಯನ್ನೂ ಈಗಲೇ ಕೊಡಬೇಡಿ. ನೀವು ಬರೆದಿದ್ದನ್ನು ಓದಿದರೆ ನನಗೆ ಮೊದಲು ಅನುಮಾನ ಬರುವುದು ಕ್ರ್ಯಾಂಕ್ ಸೆನ್ಸರ್ ಮೇಲೆ. ಟಿಡಿಸಿ ಸೆನ್ಸರ್ ಅಂತಲೂ ಕರೆಯುತ್ತಾರೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಮೇಲ್ಗಡೆ, ಎರಡು ಚಿಕ್ಕ ಬೋಲ್ಟಿನಲ್ಲಿ ಕೂತಿರುತ್ತದೆ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಕೆಳಗೆ ಫ್ಲೈವೀಲಿನ ಹಲ್ಲುಗಳು ಹಾದು ಹೋದ ಹಾಗೆಲ್ಲ ಅದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಎಂಜಿನ್ ತಿರುಗುತ್ತಿದೆ ಅನ್ನುವುದು ಇಸಿಯುಗೆ ಗೊತ್ತಾಗುವುದೇ ಅದರಿಂದ. ವಯಸ್ಸಾದ ಸೆನ್ಸರಿನಲ್ಲಿ ಆ ತಂತಿ ಎಲ್ಲೋ ಬಿರುಕು ಬಿಟ್ಟಿರುತ್ತದೆ. ಕಾದಾಗ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ನಿಮ್ಮ ಅರ್ಧ ತಾಸಿನ ಲೆಕ್ಕ ಇದೇ ಅಲ್ವಾ?

ಇನ್ನು ಪಂಪಿನ ವಿಷಯ. ಇದನ್ನು ಸರಿಯಾಗಿ ಓದಿ, ನಿಮ್ಮ 7,500 ಹೋಗಿದ್ದು ಇಲ್ಲಿಯೇ. ಕೀ ಆನ್ ಮಾಡಿದ ಕೂಡಲೇ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎಂದು ನಿಲ್ಲುತ್ತದೆ. ಆಮೇಲೆ ಎಂಜಿನ್ ತಿರುಗುತ್ತಿದೆ ಎಂದು ಸೆನ್ಸರ್ ಹೇಳಿದರೆ ಮಾತ್ರ ಇಸಿಯು ಪಂಪನ್ನು ಓಡಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪೆಟ್ರೋಲ್ ಸುರಿಯುತ್ತಾ ಇರಬಾರದು ಎಂದು ಹಾಗೆ ಮಾಡಿರುತ್ತಾರೆ. ಹಾಗಾಗಿ ಸೆನ್ಸರ್ ಸತ್ತರೆ ಪ್ಲಗ್ಗಿಗೆ ಕಿಡಿಯೂ ಇಲ್ಲ, ಪಂಪೂ ಇಲ್ಲ. ಪಂಪ್ ಓಡುತ್ತಿಲ್ಲ ಎಂದು ನೋಡಿದವರು ಸುಳ್ಳು ಹೇಳಿಲ್ಲ, ಯಾಕೆ ಓಡುತ್ತಿಲ್ಲ ಎಂದು ನೋಡಲಿಲ್ಲ ಅಷ್ಟೇ.

ಗಾಡಿ ತಣ್ಣಗಿರುವಾಗ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು ಸೆನ್ಸರಿನ ಎರಡು ಪಿನ್ ನಡುವೆ ಅಳೆದು ಬರೆದುಕೊಳ್ಳಿ. ಆಮೇಲೆ ಊರೊಳಗೇ, ಮನೆ ಹತ್ತಿರವೇ ಓಡಿಸಿ ಬಿಸಿ ಮಾಡಿ. ಬಂದ್ ಆದ ಕೂಡಲೇ ಮತ್ತೆ ಅಳೆಯಿರಿ. ತಣ್ಣಗಾಗುವ ತನಕ ಕಾದರೆ ಏನೂ ಸಿಗುವುದಿಲ್ಲ, ಕಳ್ಳ ಓಡಿ ಹೋಗಿರುತ್ತಾನೆ. ಜೊತೆಗೆ ಕಾಕಾ ಹೇಳಿದ ಒದ್ದೆ ಬಟ್ಟೆ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ, ಪಂಪಿನ ಬದಲು ಸೆನ್ಸರ್ ಮೇಲೆ ಇಡಿ. ಅರ್ಧ ತಾಸಿನ ಬದಲು ಐದು ನಿಮಿಷಕ್ಕೇ ಸ್ಟಾರ್ಟ್ ಆದರೆ ಬೇರೆ ಸಾಕ್ಷಿ ಬೇಡ. ಬಿಸಿ ಎಂಜಿನ್, ಕೈ ಜೋಪಾನ. ಬಟ್ಟೆ ಹಿಂಡಿ ಇಡಿ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕಡೆ ನೀರು ಹೋಗಬಾರದು.

ಬಿಚ್ಚಿದಾಗ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು, ಒರೆಸಿ. ಬೋಲ್ಟ್ ಮಾತ್ರ ಅವೇ ವಾಪಸ್ ಹಾಕಬೇಕು. ಸೆನ್ಸರ್ ಮತ್ತು ಹಲ್ಲಿನ ನಡುವಿನ ಗ್ಯಾಪ್ ಅವುಗಳಿಂದಲೇ ಸರಿಯಾಗಿ ಕೂರುತ್ತದೆ. ಡಬ್ಬಿಯಲ್ಲಿ ಸಿಕ್ಕ ಯಾವುದೋ ಬೋಲ್ಟ್ ಹಾಕಬೇಡಿ.

ಸೆನ್ಸರ್ ಹುಡುಕುವಾಗ ಗಾಡಿಯ ಹೆಸರು ಹೇಳಿದರೆ ಅಂಗಡಿಯವರಿಗೆ ತಿಳಿಯುವುದಿಲ್ಲ. ಡಿ7ಎಫ್ ಎಂಜಿನ್ ಎಂದು ಹೇಳಿ. ರೆನೋದ ಹಳೆಯ ಟ್ವಿಂಗೋ, ಕ್ಲಿಯೋ ಗಾಡಿಗಳಲ್ಲಿ ಬಂದದ್ದು ಇದೇ ಎಂಜಿನ್. ಹಳೆ ಸೆನ್ಸರಿನ ಮೇಲಿನ ನಂಬರ್ ಮತ್ತು ಕನೆಕ್ಟರ್ ಆಕಾರ ಎರಡನ್ನೂ ಹೊಂದಿಸಿ ನೋಡಿಯೇ ದುಡ್ಡು ಕೊಡಿ.

ಖಾನಾಪುರ_ಮಳೆ:

ಪಾನಾ ಅಣ್ಣ ಹೇಳಿದ್ದನ್ನು ಮೊದಲು ಮಾಡಿ. ಅದರ ಜೊತೆಗೆ ಅರ್ಥ್ ವೈರ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ತಂತಿ, ನೋಡಿ ಪ್ಲೀಸ್. ನಾನೂ ಒಂದು ಫೈಬರ್ ಬಾಡಿ ಗಾಡಿ ಇಟ್ಟುಕೊಂಡಿದ್ದೆ. ಲೋಹದ ಬಾಡಿಯಲ್ಲಿ ಎಲ್ಲಿ ಬೋಲ್ಟ್ ಹಾಕಿದರೂ ಅರ್ಥ್ ಸಿಗುತ್ತದೆ. ಫೈಬರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಹಾಗಾಗಿ ಒಂದೊಂದು ಲೈಟಿಗೂ ಚಾಸಿಗೆ (ಕೆಳಗಿನ ಲೋಹದ ಚೌಕಟ್ಟಿಗೆ) ಹೋಗುವ ತಂತಿ ಬೇರೆ ಇರುತ್ತದೆ. ನಿಮ್ಮ ಗಾಡಿ ಗೋವಾದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಂತಿದ್ದು, ಆ ತುದಿಗಳು ತುಕ್ಕು ಹಿಡಿದಿಲ್ಲ ಅಂದರೆ ನಾನು ನಂಬುವುದಿಲ್ಲ. ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಂಜಿನ್ನಿನ ಅರ್ಥ್ ಪಟ್ಟಿ ಬಿಚ್ಚಿ, ಪಾಲಿಶ್ ಪೇಪರ್ ಹಾಕಿ ತಿಕ್ಕಿ ಬಿಗಿ ಮಾಡಿ.

ಮತ್ತೆ ಜಾಕ್ ಹಾಕುವಾಗ ಚಾಸಿಗೇ ಹಾಕಿ. ಬಾಗಿಲ ಕೆಳಗಿನ ಫೈಬರಿಗೆ ಹಾಕಿದರೆ ಒಡೆಯುತ್ತದೆ. ಜಾಕ್ ಒಂದನ್ನೇ ನಂಬಿ ಯಾವತ್ತೂ ಕೆಳಗೆ ಹೋಗಬೇಡಿ.

ಬಾಗಲಕೋಟೆ_ಟೂಸೀಟರ್:

ಹತ್ತು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಅಳೆದೆ, 228 ಓಮ್. ಮಧ್ಯಾಹ್ನ ಎರಡಕ್ಕೆ ವಿದ್ಯಾಗಿರಿ ಕಡೆ ಸುತ್ತು ಹಾಕುತ್ತಾ ಇದ್ದೆ, ಐದನೇ ಸುತ್ತಿಗೆ ಬಂದ್. ಕೂಡಲೇ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟೆ. ಏನೂ ಇಲ್ಲ, ಪೂರ್ತಿ ಓಪನ್, ಒಳಗಿನ ತಂತಿ ಬಿಟ್ಟಿತ್ತು! ಒದ್ದೆ ಬಟ್ಟೆ ಇಟ್ಟೆ. ಆರು ನಿಮಿಷಕ್ಕೆ ಮೀಟರಿನಲ್ಲಿ ಮತ್ತೆ 230ರ ಹತ್ತಿರ ಬಂತು, ಕನೆಕ್ಟರ್ ಹಾಕಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ರಸ್ತೆ ಬದಿಯಲ್ಲಿ ನಿಂತು ಕೂಗಿಬಿಟ್ಟೆ.

ಸೆನ್ಸರ್ ಮುಂಬೈಯಿಂದ ತರಿಸಿದೆ, ಕೊರಿಯರ್ ಸೇರಿ 1,850. ಹಾಕುವುದಕ್ಕೆ ಅರ್ಧ ತಾಸು, ಅದರಲ್ಲಿ ಇಪ್ಪತ್ತು ನಿಮಿಷ ಕೆಳಗಿನ ಬೋಲ್ಟಿಗೆ ಕೈ ಹೋಗಲು ಬೇಕಾಯಿತು. ಅರ್ಥ್ ಕೂಡ ನೋಡಿದೆ, 0.9 ವೋಲ್ಟ್ ಇತ್ತು. ಪಟ್ಟಿಯ ತುದಿ ಹಸಿರಾಗಿ ಪುಡಿಪುಡಿ. ಹೊಸದು ಹಾಕಿದ ಮೇಲೆ 0.15, ಸೆಲ್ಫ್ ಹೊಡೆಯುವ ಸದ್ದೇ ಬೇರೆ ಆಗಿದೆ, ಹಿಂದಿನ ಲೈಟುಗಳೂ ಜೋರಾಗಿ ಉರಿಯುತ್ತಿವೆ. ನಿನ್ನೆ ಕೊಲ್ಹಾರಕ್ಕೆ ಹೋಗಿ ಬಂದೆವು, ಮಧ್ಯಾಹ್ನದ ಬಿಸಿಲಲ್ಲೇ. ಅಪ್ಪ ಸೇತುವೆ ದಾಟುವ ತನಕ ಮಾತಾಡಲಿಲ್ಲ, ದಾಟಿದ ಮೇಲೆ ಹುಡ್ ತೆಗೆ ಅಂದರು.

ಒಂದು ಪ್ರಶ್ನೆ ಉಳಿದಿದೆ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ನಡೆಸುವ ರಬ್ಬರ್ ಪಟ್ಟಿ) ಯಾವಾಗ ಬದಲಿಸಿದ್ದು ಎಂದು ಹಳೆ ಮಾಲೀಕರಿಗೂ ನೆನಪಿಲ್ಲ. ಗಾಡಿ ಓಡಿದ್ದು ಕಡಿಮೆ. ಹಾಗೇ ಬಿಡಬಹುದಾ?

ಉದ್ಯಮಬಾಗ_ಪಾನಾ:

ಬಿಡಬೇಡಿ. ರಬ್ಬರ್ ನಿಂತಲ್ಲೇ ಹಳೆಯದಾಗುತ್ತದೆ, ಕಿಲೋಮೀಟರ್ ಒಂದನ್ನೇ ನೋಡಬಾರದು. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಎರಡೂ ಒಟ್ಟಿಗೆ ಬದಲಿಸಿ, ಬಿಚ್ಚುವ ಮೊದಲು ಗುರುತುಗಳ ಫೋಟೋ ತೆಗೆದುಕೊಳ್ಳಿ. ಪೆಟ್ರೋಲ್ ಹೋಸ್‌ಗಳನ್ನೂ ಹಿಂಡಿ ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ ಇದೆ, ಆ ಕಾಲದ ರಬ್ಬರಿಗೆ ಅದು ಆಗುವುದಿಲ್ಲ. ಬೆಲ್ಟ್ ನೀವೇ ಹಾಕಲು ಧೈರ್ಯ ಇಲ್ಲದಿದ್ದರೆ ಬೆಳಗಾವಿಗೆ ಬನ್ನಿ, ಒಂದು ಭಾನುವಾರ ಇಬ್ಬರೂ ಕೂತು ಮಾಡೋಣ. ಬರುವಾಗ ಮೊಸರು ತನ್ನಿ.